ಆಳ ಸಮುದ್ರದ ಮಿಲಿಮೀಟರ್ ಚಿಪ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮೃದ್ವಂಗಿಗಳ ಪಾಠದಲ್ಲಿ ಮೋನೊಪ್ಲಾಕೊಫೊರಾ ಎಂಬ ಗುಂಪಿಗೆ ಸಿಗುವುದು ಅರ್ಧ ಪುಟ ಜಾಗ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಅರ್ಧ ಪುಟ ಓದಿದ ಮಕ್ಕಳು, ಅವರ ಮನೆಯವರು, ಶಾಲೆಗಳಿಗೆ ಹೋದಾಗ ಸಿಗುವ ಶಿಕ್ಷಕರು ಕೇಳುವ ಪ್ರಶ್ನೆಗಳು ತುಂಬಾ ಚೆನ್ನಾಗಿರುತ್ತವೆ. ಮತ್ತೆ ಮತ್ತೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಮೊದಲ ಪರಿಚಯ

ಮೇಡಂ, ಇದು ಯಾವ ಪ್ರಾಣಿರೀ? ಹೆಸರೇ ನಾಲಿಗಿ ಮ್ಯಾಲ ಹೊರಳವಲ್ದು.

ಬಸವನಹುಳು, ಕಪ್ಪೆಚಿಪ್ಪು, ಆಕ್ಟೋಪಸ್ ಇವೆಲ್ಲ ಸೇರುವ ಮೃದ್ವಂಗಿಗಳ ದೊಡ್ಡ ಕುಟುಂಬದಲ್ಲಿ ಮೋನೊಪ್ಲಾಕೊಫೊರಾ ಒಂದು ಸಣ್ಣ ವರ್ಗ. ಮೆತ್ತನೆ ಮೈ, ಅದರ ಮೇಲೆ ಮುಚ್ಚಿದಂತೆ ಒಂದೇ ಚಿಪ್ಪು. ಕೆಳಗೆ ದುಂಡನೆಯ ಪಾದ, ಮುಂದೆ ಬಾಯಿ, ಹಿಂದೆ ಗುದದ್ವಾರ. ಕಣ್ಣಿಲ್ಲ. ಇಂದು ಬದುಕಿರುವ ಜಾತಿಗಳಲ್ಲಿ ಹೆಸರಿಟ್ಟಿರುವುದು ಮೂವತ್ತಕ್ಕಿಂತ ಸ್ವಲ್ಪ ಜಾಸ್ತಿ. ಬಸವನಹುಳುಗಳಲ್ಲಿ ಹತ್ತಾರು ಸಾವಿರ ಜಾತಿಗಳಿವೆ ಎಂದು ನೆನೆದರೆ ಈ ಗುಂಪು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ.

ಸಣ್ಣದು, ಸಣ್ಣದು ಅಂತೀರಿ. ಎಷ್ಟು ಸಣ್ಣದು?

ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತೆಗೆಯಿರಿ. ಅದರಲ್ಲಿ ಅತಿ ಸಣ್ಣ ಎರಡು ಗೆರೆಗಳ ನಡುವಿನ ಜಾಗ ನೋಡಿ. ಅಂಟಾರ್ಕ್ಟಿಕಾದ ಮೈಕ್ರೊಪಿಲಿನಾ ಆರ್ನ್ಟ್‌ಜಿ ಎಂಬ ಜಾತಿ ಪೂರ್ತಿ ಬೆಳೆದರೂ ಆ ಜಾಗದೊಳಗೇ ಕೂರುತ್ತದೆ. ಅದರ ಚಿಪ್ಪು ಒಂದು ಮಿಲಿಮೀಟರಿಗೂ ಕಡಿಮೆ. ಕ್ಯಾಲಿಫೋರ್ನಿಯಾ ಕಡಲಿನ ಲೇವಿಪಿಲಿನಾ ಹಯಲಿನಾ ಎರಡು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದು. ಈ ಗುಂಪಿನ ದೈತ್ಯ ಎಂದರೆ ನಿಯೊಪಿಲಿನಾ ಗೆಲಾತಿಯೆ. ಅದು ಸುಮಾರು 37 ಮಿಲಿಮೀಟರ್ ಬೆಳೆಯುತ್ತದೆ.

ಇಷ್ಟು ಚಿಕ್ಕದಾಗುವುದಕ್ಕೆ ಬೆಲೆಯೂ ಇದೆ. ಮೈಕ್ರೊಪಿಲಿನಾ ಆರ್ನ್ಟ್‌ಜಿಗೆ ಹೃದಯವೇ ಇಲ್ಲ. ದೇಹ ಅಷ್ಟು ಚಿಕ್ಕದಾದ ಮೇಲೆ ರಕ್ತ ದೂಡಲು ಬೇರೆ ಅಂಗ ಬೇಕಾಗಿಲ್ಲ. ಈ ಮಾತು ಹೇಳಿದಾಗ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ನನಗೂ ಪ್ರತಿ ಸಲ ಹಾಗೇ ಆಗುತ್ತದೆ.

ನಮ್ಮ ಜಗಲಿ ಮ್ಯಾಲಿನ ಕವಡಿ, ಇದು ಒಂದೇ ಏನವ್ವಾ?

ದೂರದ ಸಂಬಂಧ ಉಂಟಮ್ಮಾ, ಒಂದೇ ಅಲ್ಲ. ಕವಡೆ ಬಸವನಹುಳುವಿನ ಜಾತಿಗೆ ಸೇರಿದ್ದು. ಅದು ಬಿಸಿಲು ಬೀಳುವ, ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿ ಬದುಕುತ್ತದೆ. ಮಾಲ್ದೀವ್ಸ್, ಲಕ್ಷದ್ವೀಪದ ಕಡೆಯಿಂದ ಹಿಂದಿನಿಂದಲೂ ಒಳನಾಡಿಗೆ ಬಂದದ್ದು. ಯಲ್ಲಮ್ಮನ ಕವಡೆಸರಕ್ಕೂ ಚೌಕಾಬಾರಕ್ಕೂ ಅದೇ. ಗಟ್ಟಿ, ದಪ್ಪ, ನುಣುಪು. ನಾನು ಹೇಳುತ್ತಿರುವ ಚಿಪ್ಪು ಎರಡು ಬೆರಳ ನಡುವೆ ಹಿಡಿದರೆ ಪುಡಿಯಾಗುತ್ತದೆ.

ಕಲಬುರಗಿಗೂ ಸಮುದ್ರಕ್ಕೂ ಏನ್ ಸಂಬಂಧ ಅದ?

ಇದನ್ನು ಕೇಳದವರೇ ಇಲ್ಲ. ಸಂಬಂಧ ನಿಮ್ಮ ಕಾಲ ಕೆಳಗೇ ಇದೆ. ಮನೆಗೆ ಹಾಸಿರುವ ಶಹಾಬಾದ್ ಫರ್ಸಿ ಸುಣ್ಣದ ಕಲ್ಲು. ಬಹಳ ಹಿಂದೆ ಇಲ್ಲಿದ್ದ, ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಕೂತ ಕೆಸರು ಗಟ್ಟಿಯಾಗಿ ಆದದ್ದು. ಭೀಮಾ ಕಣಿವೆಯ ಈ ಕಲ್ಲಿನ ಪದರಗಳು ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹರಡಿವೆ. ನಮ್ಮ ಸಿಮೆಂಟ್ ಕಾರ್ಖಾನೆಗಳು ನಡೆಯುವುದೂ ಅದರಿಂದಲೇ.

ಹಾಗಾದರೆ ಫರ್ಸಿ ಒಡೆದರೆ ಚಿಪ್ಪು ಸಿಗಬೇಕಲ್ಲ ಅಂತ ಮಕ್ಕಳು ಕಲ್ಲು ಹೊತ್ತು ತರುತ್ತಾರೆ. ಸಿಗುವುದಿಲ್ಲ. ಈ ಕಲ್ಲು 54 ಕೋಟಿ ವರ್ಷಕ್ಕಿಂತಲೂ ಹಳೆಯದು ಎಂಬುದು ಹೆಚ್ಚಿನ ಭೂವಿಜ್ಞಾನಿಗಳ ಲೆಕ್ಕ. ಸುಣ್ಣದ ಗಟ್ಟಿ ಚಿಪ್ಪು ಕಟ್ಟುವ ಮೃದ್ವಂಗಿಗಳು ಆಗ ಇನ್ನೂ ಹುಟ್ಟಿರಲಿಲ್ಲ.

ಪಳೆಯುಳಿಕೆ ಬೇಕಾದವರು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ನೋಡಬೇಕು. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನ್‌ನಲ್ಲಿ ಲಾವಾ ಪದರ ಪದರವಾಗಿ ಹರಿದಾಗ, ಎರಡು ಪದರಗಳ ನಡುವಿನ ಬಿಡುವಿನಲ್ಲಿ ಕೆರೆಗಳು ತುಂಬಿಕೊಂಡಿದ್ದವು. ಆ ಕೆರೆಯ ಕೆಸರಿನಲ್ಲಿ ಸಿಹಿನೀರಿನ ಸಣ್ಣ ಸಣ್ಣ ಜೀವಿಗಳು ಉಳಿದುಕೊಂಡಿವೆ. ಅವು ಸಮುದ್ರದವಲ್ಲ. ಆದರೆ ಮಿಲಿಮೀಟರ್ ಗಾತ್ರದ ಚಿಪ್ಪನ್ನು ಕಲ್ಲಿನಿಂದ ಬಿಡಿಸಿ ನೋಡುವ ಕೆಲಸ ಎರಡೂ ಕಡೆ ಒಂದೇ.

## ಚಿಪ್ಪನ್ನು ಕಣ್ಣಾರೆ ನೋಡುವುದು

ಚಿಪ್ಪು ಹೆಂಗ ಕಾಣ್ತದ? ಬಣ್ಣ ಅದ ಏನು?

ಬೋರಲು ಹಾಕಿದ ಬಟ್ಟಲಿನ ಆಕಾರ. ಸುರುಳಿ ಇಲ್ಲ, ಮುಚ್ಚಳ ಇಲ್ಲ. ಅಂಚು ಮೇಲಿನಿಂದ ದುಂಡಗೆ ಅಥವಾ ತುಸು ಉದ್ದಕ್ಕೆ ಕಾಣುತ್ತದೆ. ಬಟ್ಟಲಿನ ಶಿಖರ ನಡುವೆ ಇರುವುದಿಲ್ಲ, ಮುಂದಕ್ಕೆ ಸರಿದಿರುತ್ತದೆ. ಕೆಲವು ಜಾತಿಗಳಲ್ಲಿ ಅದು ಮುಂದಿನ ಅಂಚನ್ನು ದಾಟಿ ಬಾಗಿರುತ್ತದೆ. ಪ್ರಾಣಿಯ ತಲೆ ಯಾವ ಕಡೆ ಎಂದು ಬರಿ ಚಿಪ್ಪು ನೋಡಿ ಹೇಳಬಹುದಾದದ್ದು ಇದರಿಂದ.

ಬಣ್ಣ ಅಂತ ಹೇಳುವಂಥದ್ದು ಏನೂ ಇಲ್ಲ. ಬೆಳಕೇ ಇಲ್ಲದ ಕಡೆ ಬಣ್ಣ ಯಾರು ನೋಡಬೇಕು? ತೆಳು ಬಿಳುಪು, ಅರೆಪಾರದರ್ಶಕ, ಕೆಲವಕ್ಕೆ ಮುತ್ತಿನ ಹೊಳಪು. ಆದರೆ ಮೈಮೇಲಿನ ಕೆತ್ತನೆ ಸೊಗಸಾಗಿದೆ. ಅಂಚಿಗೆ ಸಮನಾಗಿ ಓಡುವ ಸುತ್ತುಗೆರೆಗಳು, ಶಿಖರದಿಂದ ಅಂಚಿಗೆ ಇಳಿಯುವ ಗೆರೆಗಳು, ಅವು ಒಂದನ್ನೊಂದು ದಾಟುವ ಕಡೆ ಸಣ್ಣ ತಗ್ಗು. ಇನ್ನು ಕೆಲವದರಲ್ಲಿ ಚಿಪ್ಪಿನ ಹೊರಪದರದ ಹರಳುಗಳೇ ಐದಾರು ಮೂಲೆಯ ಚಿಕ್ಕ ಚಿಕ್ಕ ಮನೆಗಳಾಗಿ ಹೊರಗೆ ಕಾಣುತ್ತವೆ. ಒಂದು ಜಾತಿಯಿಂದ ಇನ್ನೊಂದನ್ನು ಬೇರೆ ಮಾಡುವಾಗ ತಜ್ಞರು ಮೊದಲು ನೋಡುವುದು ಇವನ್ನೇ: ಉದ್ದ, ಅಗಲ, ಎತ್ತರ, ಶಿಖರ ಎಲ್ಲಿದೆ, ಕೆತ್ತನೆ ಯಾವ ಥರ.

ಒಳಗ ಹೊಳಿತದಲ್ಲ, ಅದು ಮುತ್ತೇನ್ರಿ?

ಮುತ್ತಲ್ಲ, ಆದರೆ ಮುತ್ತು ಆಗಿರುವ ವಸ್ತುವೇ. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಕೈಯಲ್ಲಿ ಹಿಡಿದು ನೋಡುವುದು ಮೇಲು. ಬೇಸಿಗೆಯಲ್ಲಿ ಭೀಮಾ ತಗ್ಗಿದಾಗ ಮರಳಿನ ಮೇಲೆ ಸತ್ತ ಕಪ್ಪೆಚಿಪ್ಪುಗಳು ಬಿದ್ದಿರುತ್ತವೆ. ಒಂದು ತಂದು ತೊಳೆದು, ಕಿಟಕಿ ಹತ್ತಿರ ಕೂತುಕೊಳ್ಳಿ.

ಹೊರಗೆ ಕಂದು, ಕೆಲವು ಕಡೆ ಹಸಿರು. ಉಗುರಿನಿಂದ ಕೆರೆದರೆ ತೆಳ್ಳಗಿನ ಸಿಪ್ಪೆ ಏಳುತ್ತದೆ. ಚಿಪ್ಪು ಒಣಗಿದಂತೆ ಅಂಚಿನಲ್ಲಿ ಅದು ಸುಕ್ಕಾಗಿ ತಾನೇ ಬಿಡುತ್ತದೆ. ಇದು ಸುಣ್ಣವಲ್ಲ, ಪ್ರೋಟೀನಿನ ಹೊದಿಕೆ. ಅದರ ಕೆಳಗೆ ಒಂದು ಮಬ್ಬು ಪದರ. ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ನಿಂತ ಕಂಬಗಳ ಸಾಲು ಕಾಣುತ್ತದೆ. ಅದರ ಒಳಗೆ ಮುತ್ತಿನ ಪದರ. ಚಿಪ್ಪನ್ನು ನಿಧಾನ ಓರೆ ಮಾಡಿದರೆ ಗುಲಾಬಿ, ಹಸಿರು, ನೀಲಿ ಓಡಾಡುತ್ತವೆ. ಆ ಪದರದಲ್ಲಿ ಬಣ್ಣ ಇಲ್ಲವೇ ಇಲ್ಲ. ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳುವಾದ ಹರಳಿನ ಬಿಲ್ಲೆಗಳು ಒಂದರ ಮೇಲೊಂದು ಕೂತಿರುತ್ತವೆ. ಬೆಳಕು ಒಂದೊಂದು ಪದರದಿಂದಲೂ ಮರಳಿ ಬಂದು ಒಂದಕ್ಕೊಂದು ಬೆರೆತಾಗ ಬಣ್ಣ ಹುಟ್ಟುತ್ತದೆ.

ಇನ್ನೂ ಎರಡು ಗುರುತು ನೋಡಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಒಂದು, ಒಳಮೈಯಲ್ಲಿ ಎರಡೂ ತುದಿಗೆ ಇರುವ ದುಂಡನೆಯ ಕಲೆ. ಪ್ರಾಣಿಯ ಸ್ನಾಯು ಚಿಪ್ಪಿಗೆ ಅಂಟಿದ್ದ ಜಾಗ ಅದು. ಇನ್ನೊಂದು, ಚಿಪ್ಪಿನ ಹಳೆಯ ಉಬ್ಬಿದ ತುದಿ. ಅಲ್ಲಿ ಸಿಪ್ಪೆ ಸವೆದು ಹೋಗಿ, ಬಿಳಿ ಬಿಳಿ ಗುಳಿ ಬಿದ್ದಿರುತ್ತದೆ.

ಈಗ ವಿಷಯಕ್ಕೆ ಬರೋಣ. ಪೆಸಿಫಿಕ್ ಸಾಗರದ ತಳದ ನಿಯೊಪಿಲಿನಾದ ಚಿಪ್ಪಿನಲ್ಲೂ ಇದೇ ಕ್ರಮ: ಹೊರಗೆ ಸಿಪ್ಪೆ, ನಡುವೆ ಕಂಬದ ಹರಳು, ಒಳಗೆ ಮುತ್ತಿನ ಪದರ. ಭೀಮಾ ನದಿಯ ಚಿಪ್ಪನ್ನು ಓದಲು ಬಂದರೆ ಅದನ್ನೂ ಓದಲು ಬರುತ್ತದೆ.

ಪ್ರಾಣಿ ಸತ್ತು ಹೋದ ಮೇಲೆ ಖಾಲಿ ಚಿಪ್ಪಿನಿಂದ ಏನು ತಾನೇ ಗೊತ್ತಾಗುತ್ತದೆ?

ನನಗೆ ಅತಿ ಪ್ರೀತಿಯ ಪ್ರಶ್ನೆ ಇದು. ಇದಕ್ಕೆ ಉತ್ತರವಾಗಿ ಒಂದು ನಿಜವಾದ ಕತೆಯೇ ಇದೆ.

ಸ್ವೀಡನ್ನಿನ ಗಾಟ್ಲೆಂಡ್ ದ್ವೀಪ ಪೂರ್ತಿ ಸುಣ್ಣದ ಕಲ್ಲು. ಅಲ್ಲಿ 42 ಕೋಟಿ ವರ್ಷಕ್ಕೂ ಹಳೆಯ ಬಟ್ಟಲು ಚಿಪ್ಪುಗಳು ಸಿಗುತ್ತವೆ. 1880ರ ದಶಕದಲ್ಲಿ ಸ್ವೀಡನ್ನಿನ ಪಳೆಯುಳಿಕೆ ತಜ್ಞ ಗುಸ್ತಾಫ್ ಲಿಂಡ್‌ಸ್ಟ್ರೋಮ್ ಅವನ್ನು ವಿವರಿಸಿದರು. ನೋಡಲು ಅವು ಕಡಲ ಬಂಡೆಗೆ ಅಂಟಿಕೊಳ್ಳುವ ಲಿಂಪೆಟ್ ಎಂಬ ಬಸವನಹುಳುವಿನ ಚಿಪ್ಪಿನ ಹಾಗೇ ಇದ್ದವು. ಆದರೆ ಒಳಮೈಯಲ್ಲಿ ಸ್ನಾಯುವಿನ ಕಲೆಗಳು ಎಡಕ್ಕೂ ಬಲಕ್ಕೂ ಜೊತೆ ಜೊತೆಯಾಗಿ, ಸಾಲಾಗಿ ಬಿದ್ದಿದ್ದವು. ಬಸವನಹುಳುವಿನ ದೇಹ ಒಳಗೊಳಗೆ ತಿರುಚಿಕೊಂಡಿರುತ್ತದೆ. ಅದರಲ್ಲಿ ಹೀಗೆ ಎರಡೂ ಪಕ್ಕ ಸಮ ಸಮ ಸಾಲು ಇರುವುದಿಲ್ಲ.

ಅಂದರೆ ಈ ಚಿಪ್ಪಿನೊಳಗೆ ಇದ್ದದ್ದು ಬಸವನಹುಳು ಅಲ್ಲ, ತಿರುಚದ ಮೈಯ ಇನ್ಯಾವುದೋ ಪ್ರಾಣಿ. ಈ ಯೋಚನೆ ನಿಧಾನಕ್ಕೆ ಬಲವಾಯಿತು. 1940ರಲ್ಲಿ ಈ ಗುಂಪಿಗೆ ಮೋನೊಪ್ಲಾಕೊಫೊರಾ ಎಂಬ ಹೆಸರು ಬಂತು. ಆಗ ಎಲ್ಲರೂ ಅದನ್ನು ಅಳಿದು ಹೋದ ಗುಂಪು ಎಂದೇ ನಂಬಿದ್ದರು. ಡೆವೋನಿಯನ್ ಎಂಬ ಭೂಯುಗದಿಂದ ಈಚೆಗೆ, ಅಂದರೆ ಸುಮಾರು 37–38 ಕೋಟಿ ವರ್ಷದಿಂದ ಈಚೆಗೆ, ಅದರ ಸುಳಿವೇ ಇರಲಿಲ್ಲ.

1952ರ ಮೇ 6ರಂದು ಡೆನ್ಮಾರ್ಕಿನ ಗೆಲಾತಿಯಾ ಎಂಬ ಸಂಶೋಧನಾ ಹಡಗು ಮಧ್ಯ ಅಮೆರಿಕದ ಕೋಸ್ಟಾರಿಕಾದ ಪಶ್ಚಿಮಕ್ಕೆ, 3,500 ಮೀಟರಿಗೂ ಆಳದ ತಳದಲ್ಲಿ ಬಲೆ ಎಳೆಯಿತು. ಬಂದ ಕೆಸರಿನಲ್ಲಿ ಬಟ್ಟಲು ಚಿಪ್ಪಿನ ಹತ್ತು ಪ್ರಾಣಿಗಳಿದ್ದವು, ಮೈ ಸಮೇತ. ಡೆನ್ಮಾರ್ಕಿನ ಪ್ರಾಣಿಶಾಸ್ತ್ರಜ್ಞ ಹೆನ್ನಿಂಗ್ ಲೆಮ್ಕೆ 1957ರಲ್ಲಿ ಅವನ್ನು ನಿಯೊಪಿಲಿನಾ ಗೆಲಾತಿಯೆ ಎಂಬ ಹೆಸರಿನಲ್ಲಿ ಲೋಕಕ್ಕೆ ಪರಿಚಯಿಸಿದರು. ಮೈ ಬಿಡಿಸಿ ನೋಡಿದಾಗ ಪಾದ ಎಳೆದುಕೊಳ್ಳುವ ಸ್ನಾಯುಗಳು ಎಂಟು ಜೊತೆ, ಎರಡೂ ಪಕ್ಕ ಸಾಲಾಗಿ. ಕಲ್ಲಿನಲ್ಲಿ ಉಳಿದ ಕಲೆಗಳು ಏನು ಹೇಳಿದ್ದವೋ ಅದೇ.

ಪ್ರಾಣಿಯನ್ನು ಯಾರೂ ನೋಡುವ ಮೊದಲೇ ಅದರ ಮೈಯ ನಕ್ಷೆಯನ್ನು ಚಿಪ್ಪು ಹೇಳಿಬಿಟ್ಟಿತ್ತು. ಖಾಲಿ ಚಿಪ್ಪು ಕಸ ಎಂದುಕೊಳ್ಳಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಗೆರೆ ಎಣಿಸಿದ್ರ ವಯಸ್ಸು ತಿಳಿತದೇನು?

ಇಲ್ಲ. ಚಿಪ್ಪು ಅಂಚಿನಲ್ಲಿ ಬೆಳೆಯುತ್ತದೆ, ಬೆಳವಣಿಗೆ ನಿಂತು ಮುಂದುವರಿದಾಗ ಗೆರೆ ಬೀಳುತ್ತದೆ. ನಮ್ಮ ನದಿಗೆ ಬೇಸಿಗೆ, ಮಳೆಗಾಲ ಇದೆ. ಆಳ ಸಮುದ್ರದ ತಳದಲ್ಲಿ ಚಳಿ, ಕತ್ತಲು ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಥರ. ಒಂದು ಗೆರೆಗೆ ಒಂದು ವರ್ಷ ಎಂದು ಲೆಕ್ಕ ಹಾಕಲು ಆಧಾರವಿಲ್ಲ.

ಲಿಂಪೆಟ್ಟಿಗೂ ಇದಕ್ಕೂ ಚಿಪ್ಪು ಒಂದೇ ಥರ ಇದ್ದರೆ ಗುರುತು ಹಿಡಿಯೋದು ಹೇಗೆ?

ಎಂ.ಎಸ್ಸಿ. ಹುಡುಗರೂ ಎಡವುವ ಜಾಗ ಇದು. ತಜ್ಞರೂ ಎಡವಿದ್ದಾರೆ. ಅಟ್ಲಾಂಟಿಕ್‌ನ ಅಜೋರ್ಸ್ ದ್ವೀಪಗಳ ಹತ್ತಿರ ಸಿಕ್ಕ ಒಂದು ಸಣ್ಣ ಚಿಪ್ಪನ್ನು 1896ರಲ್ಲಿ ಲಿಂಪೆಟ್ ಎಂದೇ ದಾಖಲಿಸಿದ್ದರು. ಅದು ಮೋನೊಪ್ಲಾಕೊಫೊರಾ ಎಂದು ಖಚಿತವಾದದ್ದು ಗೆಲಾತಿಯಾದ ಸುದ್ದಿ ಬಂದು ದಶಕಗಳಾದ ಮೇಲೆ. ಈಗ ಅದರ ಹೆಸರು ವೆಲೆರೊಪಿಲಿನಾ ಜೊಗ್ರಾಫಿ. ಗೆಲಾತಿಯಾಗಿಂತ ಅರ್ಧ ಶತಮಾನ ಮೊದಲೇ ಮನುಷ್ಯರ ಕೈಗೆ ಬಂದಿತ್ತು, ಯಾರಿಗೂ ಗೊತ್ತಾಗಿರಲಿಲ್ಲ.

ಒಳಮೈ ನೋಡಿ. ಲಿಂಪೆಟ್ಟಿನಲ್ಲಿ ಸ್ನಾಯುವಿನ ಕಲೆ ಕುದುರೆ ಲಾಳದ ಆಕಾರ, ಲಾಳದ ಬಾಯಿ ತಲೆಯ ಕಡೆಗೆ. ಮೋನೊಪ್ಲಾಕೊಫೊರಾದಲ್ಲಿ ಬಿಡಿ ಬಿಡಿ ಜೊತೆಗಳು. ಆದರೆ ಒಂದು ಮಿಲಿಮೀಟರಿನ, ಗಾಜಿನಷ್ಟು ತೆಳು ಚಿಪ್ಪಿನಲ್ಲಿ ಕಲೆ ಕಾಣುವುದೇ ಕಷ್ಟ. ಮೈ ಇದ್ದರೆ ಕೆಲಸ ಸುಲಭ. ಲಿಂಪೆಟ್ಟಿಗೆ ತಲೆಯ ಮೇಲೆ ಮೀಸೆಯಂತೆ ಎರಡು ಸ್ಪರ್ಶಾಂಗ ಇರುತ್ತವೆ, ಇದಕ್ಕೆ ಇಲ್ಲ. ಇದರ ಕಿವಿರುಗಳು ಪಾದದ ಎರಡೂ ಪಕ್ಕ ಸಾಲಾಗಿರುತ್ತವೆ. ಆಳದಲ್ಲಿ ಮುಳುಗಿದ ಮರದ ತುಂಡು, ತಿಮಿಂಗಿಲದ ಮೂಳೆಯ ಮೇಲೂ ಸಣ್ಣ ಲಿಂಪೆಟ್‌ಗಳು ಬದುಕುತ್ತವೆ. ಹಾಗಾಗಿ ಎಲ್ಲಿ ಸಿಕ್ಕಿತು ಎಂಬುದನ್ನಷ್ಟೇ ನಂಬಿ ಹೆಸರಿಡಬಾರದು.

## ಆಳದ ಬದುಕು

ಅಷ್ಟು ಆಳದಾಗ ನೀರಿನ ಭಾರಕ್ಕ ಚಿಪ್ಪು ಒಡೆದು ಹೋಗಂಗಿಲ್ಲೇನು?

ಹೋಗುವುದಿಲ್ಲ. ಹತ್ತು ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ, ನಿಜ. 3,500 ಮೀಟರಿನಲ್ಲಿ ಅದು ಸುಮಾರು 350 ಪಟ್ಟು. ಆದರೆ ಚಿಪ್ಪಿನ ಒಳಗೂ ನೀರು, ಹೊರಗೂ ನೀರು. ಪ್ರಾಣಿಯ ಮೈಯೂ ಬಹುಪಾಲು ನೀರೇ. ಗಾಳಿ ತುಂಬಿದ ಜಾಗ ಎಲ್ಲೂ ಇಲ್ಲ. ಎರಡೂ ಕಡೆಯಿಂದ ಸಮನಾಗಿ ಒತ್ತಿದಾಗ ಕಾಗದದಷ್ಟು ತೆಳು ಚಿಪ್ಪೂ ಒಡೆಯುವುದಿಲ್ಲ. ಒಡೆಯುವುದು ಗಾಳಿ ತುಂಬಿದ ಮನುಷ್ಯರ ಯಂತ್ರಗಳು.

ಹಾಗಾದರೆ ಆಳದಲ್ಲಿ ಚಿಪ್ಪಿಗೆ ನಿಜವಾದ ಕಷ್ಟ ಏನು?

ಕರಗುವುದು. ಮನೆಯಲ್ಲಿ ಯಾರಾದರೂ ಶಹಾಬಾದ್ ಫರ್ಸಿಯ ಮೇಲೆ ನಿಂಬೆಹಣ್ಣಿನ ರಸ ಚೆಲ್ಲಿ ಒರೆಸದೆ ಬಿಟ್ಟಿದ್ದರೆ ನೋಡಿರುತ್ತೀರಿ. ಹೊಳಪು ಹೋಗಿ ಬಿಳಿಚಿದ ಕಲೆ ಬೀಳುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಅದು ಹತ್ತಿಕೊಂಡ ಕಲೆ ಅಲ್ಲ, ಕಲ್ಲೇ ಅಷ್ಟು ಕರಗಿದೆ. ಫರ್ಸಿಯೂ ಚಿಪ್ಪೂ ಒಂದೇ ವಸ್ತು: ಕ್ಯಾಲ್ಸಿಯಂ ಕಾರ್ಬೊನೇಟ್.

ಸಮುದ್ರ ನಿಂಬೆರಸದಷ್ಟು ಹುಳಿ ಇಲ್ಲ. ಆದರೆ ಆಳಕ್ಕೆ ಹೋದಂತೆ ನೀರು ತಣ್ಣಗಾಗುತ್ತದೆ, ಒತ್ತಡ ಏರುತ್ತದೆ, ಮೇಲಿಂದ ಉದುರಿದ ಸತ್ತ ಜೀವಿಗಳು ಕೊಳೆತು ಕಾರ್ಬನ್ ಡೈಆಕ್ಸೈಡ್ ಸೇರುತ್ತದೆ. ಮೂರೂ ಸೇರಿ ಸುಣ್ಣ ಕರಗುವುದು ಸುಲಭವಾಗುತ್ತದೆ. ಅದರಲ್ಲೂ ಒಂದು ಭೇದ ಇದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಎರಡು ಬಗೆಯ ಹರಳಾಗಿ ಕಟ್ಟಿಕೊಳ್ಳುತ್ತದೆ, ಕ್ಯಾಲ್ಸೈಟ್ ಮತ್ತು ಅರಾಗೊನೈಟ್. ನಮ್ಮ ಫರ್ಸಿಯಲ್ಲಿರುವುದು ಮುಖ್ಯವಾಗಿ ಕ್ಯಾಲ್ಸೈಟ್. ಈ ಪ್ರಾಣಿಯ ಚಿಪ್ಪಿನ ಒಳಪದರ ಅರಾಗೊನೈಟ್. ಇವೆರಡರಲ್ಲಿ ಬೇಗ ಕರಗುವುದು ಅರಾಗೊನೈಟೇ. ಪೆಸಿಫಿಕ್‌ನ ಹಲವು ಕಡೆ ಒಂದು ಸಾವಿರ ಮೀಟರ್ ಇಳಿಯುವ ಮೊದಲೇ ನೀರು ಅರಾಗೊನೈಟನ್ನು ಕರಗಿಸುವಂತಾಗಿರುತ್ತದೆ.

ಆದರೂ 2025ರಲ್ಲಿ ವಿವರಿಸಿದ ವೆಲೆರೊಪಿಲಿನಾ ಗ್ರೆಚೆನೆ ಸಿಕ್ಕಿದ್ದು ಉತ್ತರ ಪೆಸಿಫಿಕ್‌ನ ಅಲ್ಯೂಷಿಯನ್ ಕಂದಕದ 6,465 ಮೀಟರ್ ಆಳದಲ್ಲಿ! ಅಲ್ಲಿ ಚಿಪ್ಪು ಉಳಿಯುವುದು ಹೇಗೆ? ಬದುಕಿರುವವರೆಗೆ ಪ್ರಾಣಿ ಒಳಗಿನಿಂದ ಹೊಸ ಪದರ ಹಾಕುತ್ತಲೇ ಇರುತ್ತದೆ. ಹರಳುಗಳ ನಡುವೆ ಪ್ರೋಟೀನಿನ ತೆಳು ಹಾಳೆಗಳಿವೆ. ಮೇಲೆ ಆ ಸಿಪ್ಪೆ ಇದೆ. ಭೀಮಾ ಚಿಪ್ಪಿನಲ್ಲಿ ಸಿಪ್ಪೆ ಸವೆದ ತುದಿಯಲ್ಲಿ ಗುಳಿ ಬಿದ್ದಿತ್ತಲ್ಲ, ಅಲ್ಲೂ ನಡೆದದ್ದು ಇದೇ. ಕಾವಲು ಹೋದ ಕಡೆ ನೀರು ಸುಣ್ಣವನ್ನು ತಿಂದಿದೆ. ಪ್ರಾಣಿ ಸತ್ತ ಮೇಲೆ ದುರಸ್ತಿ ಮಾಡುವವರು ಇಲ್ಲ. ಅಷ್ಟು ಆಳದಲ್ಲಿ ಖಾಲಿ ಚಿಪ್ಪು ಹೆಚ್ಚು ಕಾಲ ಉಳಿಯುವುದಿಲ್ಲ.

ನಾವು ಗಾಳಿಗೆ ಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ದೊಡ್ಡ ಪಾಲು ಸಮುದ್ರಕ್ಕೆ ಸೇರುತ್ತಿದೆ. ಅದರಿಂದ ಕರಗಿಸುವ ನೀರಿನ ಮಟ್ಟ ಮೇಲಕ್ಕೆ ಏರುತ್ತಿದೆ. ಅಂಟಾರ್ಕ್ಟಿಕಾದ ತಣ್ಣೀರಿನಲ್ಲಿ ಅರಾಗೊನೈಟ್ ಚಿಪ್ಪು ಕಟ್ಟುವ ಜೀವಿಗಳಿಗೆ ಇದರ ಬಿಸಿ ಮೊದಲು ತಟ್ಟುತ್ತದೆ. ನನಗೆ ಇದು ನಿಜಕ್ಕೂ ಚಿಂತೆಯ ವಿಷಯ.

ಅಪರೂಪ ಅಂದರೆ ಅಳಿವಿನ ಅಂಚಿನಲ್ಲಿದೆ ಅಂತಾನಾ?

ಹಾಗೆ ಹೇಳಲು ಆಗದು. ಅಪರೂಪ ಎಂಬುದರಲ್ಲಿ ಎರಡು ಬೇರೆ ಮಾತು ಸೇರಿಕೊಂಡಿವೆ: ಕಡಿಮೆ ಇರುವುದು, ಕಡಿಮೆ ಸಿಗುವುದು. ಈ ಗುಂಪಿನ ಎಷ್ಟೋ ಜಾತಿಗಳನ್ನು ಒಂದೆರಡು ಮಾದರಿಗಳಿಂದಲೇ ವಿವರಿಸಿದ್ದಾರೆ. ಆಳ ಸಮುದ್ರದ ತಳವನ್ನು ಮನುಷ್ಯರು ನೋಡಿರುವುದೇ ತೀರ ಸ್ವಲ್ಪ. ನೋಡಿದ ಕಡೆಯೂ ಮಿಲಿಮೀಟರ್ ಗಾತ್ರದ, ಕಲ್ಲಿಗೆ ಅಂಟಿದ ಬಿಳಿ ಚುಕ್ಕೆ ಕಣ್ಣಿಗೆ ಬೀಳಬೇಕು. ಬಲೆಯಲ್ಲಿ ಬಂದರೂ ಜರಡಿಯ ಕಣ್ಣು ದೊಡ್ಡದಾಗಿದ್ದರೆ ಕೆಸರಿನ ಜೊತೆ ಸಮುದ್ರಕ್ಕೇ ವಾಪಸ್.

ಜಾಗ ಗೊತ್ತಾದ ಮೇಲೆ ಹುಡುಕುವುದು ಸುಲಭವಾದದ್ದೂ ಉಂಟು. ಕ್ಯಾಲಿಫೋರ್ನಿಯಾದ ಲೇವಿಪಿಲಿನಾ ಹಯಲಿನಾ ಕೆಲವು ನೂರು ಮೀಟರ್ ಆಳದಲ್ಲಿ ಫಾಸ್ಫೇಟ್ ಕಲ್ಲುಗಳ ಮೇಲೆ ಬದುಕುತ್ತದೆ. ಹೈಂಜ್ ಲೋವೆನ್‌ಸ್ಟಾಮ್ 1978ರಲ್ಲಿ ಅವನ್ನು ಜೀವಂತ ಇಟ್ಟುಕೊಂಡು ಗಮನಿಸಿ ಬರೆದರು. ಈಚೆಗೆ ಅಮೆರಿಕನ್ ಸಮೋವಾ ಹತ್ತಿರದ ಸಮುದ್ರದಲ್ಲಿ ರೋಬೋ ಕ್ಯಾಮೆರಾ ಒಂದು ಮೋನೊಪ್ಲಾಕೊಫೊರಾವನ್ನು ಅದರ ಜಾಗದಲ್ಲೇ ಚಿತ್ರಿಸಿದೆ. ಅದು ತಳವನ್ನು ಕೆರೆದು ತಿನ್ನುತ್ತಾ ಬಂದ ಜಾಡೂ ಹಿಂದೆ ಕಾಣುತ್ತದೆ.

ನಮ್ಮ ದೇಶದ ಕಡಲಾಗ ಅದ ಏನ್ರಿ?

ನಮಗೆ ಹತ್ತಿರ ಎನ್ನಬಹುದಾದ ದಾಖಲೆ ಅರಬ್ಬಿ ಸಮುದ್ರದ ಆಚೆ ತುದಿಯ ಏಡನ್ ಕೊಲ್ಲಿಯದು. ಅಲ್ಲಿ ಸಿಕ್ಕ ಜಾತಿಯನ್ನು 1967ರಲ್ಲಿ ವಿವರಿಸಿ ಅಡೆನೆನ್ಸಿಸ್ ಎಂದು ಹೆಸರಿಟ್ಟರು.

ಭಾರತಕ್ಕೆ ಈ ವಿಷಯ ಮುಖ್ಯವಾಗಲು ಇನ್ನೊಂದು ಕಾರಣ ಇದೆ. ಹಿಂದೂ ಮಹಾಸಾಗರದ ನಡುವೆ ಸುಮಾರು 75,000 ಚದರ ಕಿಲೋಮೀಟರ್ ತಳದಲ್ಲಿ ಮ್ಯಾಂಗನೀಸ್ ಗಂಟುಗಳನ್ನು, ಅಂದರೆ ತಳದ ಮೇಲೆ ಬಿದ್ದಿರುವ ಲೋಹದ ಅದಿರಿನ ಉಂಡೆಗಳನ್ನು ಹುಡುಕುವ ಹಕ್ಕು ನಮ್ಮ ದೇಶಕ್ಕಿದೆ. 2021ರಲ್ಲಿ ಒಪ್ಪಿಗೆ ಸಿಕ್ಕ ಆಳ ಸಾಗರ ಯೋಜನೆಯಲ್ಲಿ, 6,000 ಮೀಟರ್ ಆಳಕ್ಕೆ ಮನುಷ್ಯರನ್ನು ಇಳಿಸುವ ಮತ್ಸ್ಯ 6000 ವಾಹನವನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿದೆ. ಕೆಸರಿನ ಬಯಲಲ್ಲಿ ಗಟ್ಟಿ ನೆಲೆ ಬೇಕಾದ ಜೀವಿಗಳಿಗೆ ಆ ಗಂಟುಗಳೇ ಮನೆ. ಗಂಟು ಎತ್ತುವ ಮೊದಲು ಅದರ ಮೇಲೆ ಯಾರಿದ್ದಾರೆ ಎಂದು ಪಟ್ಟಿ ಆಗಲೇಬೇಕು, ಅತಿ ಸಣ್ಣ ಚಿಪ್ಪುಗಳನ್ನೂ ಸೇರಿಸಿ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ.

ಇಂಥ ಚಿಪ್ಪು ಕೊಳ್ಳಲು ಸಿಗುತ್ತಾ?

ಬೇಡ. ನಿಜವಾದವು ಇರಬೇಕಾದದ್ದು ಮ್ಯೂಸಿಯಂಗಳಲ್ಲಿ. ಇನ್ನೊಂದು ಎಚ್ಚರಿಕೆ: ನಾಟಿಲಸ್‌ನಂಥ ಕೆಲವು ಸಮುದ್ರ ಚಿಪ್ಪುಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಅವನ್ನು ಮಾರುವುದು, ಕೊಳ್ಳುವುದು ಅಪರಾಧ.

## ಇನ್ನೂ ಆಳಕ್ಕೆ

ಒಂದು ಮಿಲಿಮೀಟರ್ ಚಿಪ್ಪನ್ನು ಮುರಿಯದೆ ಹಿಡಿಯೋದು, ಕಾಪಾಡೋದು ಹೇಗೆ ಮೇಡಂ?

ಚಿಮಟ ಮುಟ್ಟಬೇಡಿ. ತೆಳು ಬಣ್ಣದ ಕುಂಚವನ್ನು ಒದ್ದೆ ಮಾಡಿ, ತುದಿಗೆ ಅಂಟಿಸಿಕೊಂಡು ಎತ್ತಿ. ನಮ್ಮ ಹಿತ್ತಲಿನಲ್ಲಿ ಮಳೆ ಬಿದ್ದ ಮೇಲೆ ಕಾಣುವ ಸಣ್ಣ ಬಸವನಹುಳುಗಳ ಖಾಲಿ ಚಿಪ್ಪಿನ ಮೇಲೆ ಅಭ್ಯಾಸ ಮಾಡಬಹುದು. ಬೆಳಕು ಮೇಲಿನಿಂದ ಬೇಡ, ಪಕ್ಕದಿಂದ ಬೀಳಲಿ. ಆಗ ಕೆತ್ತನೆಯ ನೆರಳು ಕಾಣುತ್ತದೆ.

ಕಾಪಾಡುವ ಕಡೆ ಎರಡು ಅಪಾಯ. ನಮ್ಮ ಲ್ಯಾಬುಗಳಲ್ಲಿ ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕುವ ರೂಢಿ. ಫಾರ್ಮಲಿನ್ ಇಟ್ಟಲ್ಲೇ ನಿಧಾನಕ್ಕೆ ಆಮ್ಲವಾಗುತ್ತದೆ, ಸಣ್ಣ ಚಿಪ್ಪು ಅದರಲ್ಲೇ ಕರಗಿ ಹೋಗುತ್ತದೆ. ಚಿಪ್ಪಿನ ಪ್ರಾಣಿಗಳಿಗೆ ಆಲ್ಕೋಹಾಲ್ ಬಳಸಿ, ಡಿಎನ್‌ಎ ಕೂಡ ಉಳಿಯುತ್ತದೆ. ಎರಡನೆಯದು ಮರದ ಕಪಾಟು. ಮರ, ಪ್ಲೈವುಡ್, ರಟ್ಟು ಅಸಿಟಿಕ್ ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಡ್ರಾಯರಿನಲ್ಲಿ ವರ್ಷಗಟ್ಟಲೆ ಇಟ್ಟ ಚಿಪ್ಪಿನ ಮೇಲೆ ಬಿಳಿ ಪುಡಿ ಬೆಳೆಯುತ್ತದೆ. ಇದಕ್ಕೆ ಬೈನ್ ರೋಗ ಎಂದು ಹೆಸರು. ರೋಗಾಣು ಇಲ್ಲ, ಬರೀ ರಸಾಯನ ಕ್ರಿಯೆ. ಗಾಜಿನ ಸೀಸೆ, ಕಬ್ಬಿಣದ ಕಪಾಟು ಒಳ್ಳೆಯದು.

ಸೂಕ್ಷ್ಮ ರಚನೆ ನೋಡಲು ಚಿಪ್ಪಿಗೆ ಚಿನ್ನದ ಅತಿ ತೆಳು ಲೇಪ ಕೊಟ್ಟು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಡುತ್ತಾರೆ. ಈಗ ಮೈಕ್ರೊ ಸಿ.ಟಿ. ಸ್ಕ್ಯಾನಿನಿಂದ ಚಿಪ್ಪು ಕತ್ತರಿಸದೆ ಒಳಗನ್ನೂ ನೋಡಬಹುದು.

ಶಿಖರದ ತುದಿಯ ಮರಿಚಿಪ್ಪಿನ ಬಗ್ಗೆ ಯಾಕಿಷ್ಟು ಚರ್ಚೆ?

ಪ್ರತಿ ಚಿಪ್ಪಿನ ತುದಿಯಲ್ಲಿ ಪ್ರಾಣಿ ಮರಿಯಾಗಿದ್ದಾಗ ಕಟ್ಟಿದ ಮೊದಲ ಚಿಪ್ಪು ಉಳಿದಿರುತ್ತದೆ, ಸವೆಯದಿದ್ದರೆ. 1950ರ ದಶಕದ ಕೊನೆಯಲ್ಲಿ ನಿಯೊಪಿಲಿನಾದ ಮರಿಚಿಪ್ಪು ಸುರುಳಿಯಾಗಿದೆ ಎಂದು ವರದಿಯಾಯಿತು. ಹಾಗಿದ್ದರೆ ಇವುಗಳ ಪೂರ್ವಜರು ಬಸವನಹುಳುವಿನಂತೆ ಸುರುಳಿ ಚಿಪ್ಪಿನವೇ ಎಂಬ ದೊಡ್ಡ ಪ್ರಶ್ನೆ ಎದ್ದಿತು. ಆಮೇಲೆ ಬೇರೆ ಬೇರೆ ಜಾತಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಕಂಡದ್ದು ಸುರುಳಿ ಇಲ್ಲದ, ಉಬ್ಬಿದ ಗುಂಡು. ಈಗ ಸುರುಳಿಯ ಮಾತನ್ನು ಯಾರೂ ಹೆಚ್ಚು ಒಪ್ಪುವುದಿಲ್ಲ.

ಮರಿಚಿಪ್ಪು ತಾಯ್ತನದ ಸುಳಿವೂ ಕೊಡುತ್ತದೆ. ಮೈಕ್ರೊಪಿಲಿನಾ ಆರ್ನ್ಟ್‌ಜಿ ತನ್ನ ಮರಿಗಳನ್ನು ಚಿಪ್ಪಿನ ಕೆಳಗೆ, ಪಾದದ ಪಕ್ಕದ ಸಂದಿನಲ್ಲೇ ಇಟ್ಟುಕೊಂಡು ಬೆಳೆಸುತ್ತದೆ. ಒಂದು ಮಿಲಿಮೀಟರಿನ ತಾಯಿ, ಅದರ ಅಡಿಯಲ್ಲಿ ಮರಿಗಳು!

ಎಲ್ಲದರ ಒಳಪದರವೂ ಮುತ್ತಿನದೇನಾ?

ಅಲ್ಲ. 2009ರಲ್ಲಿ ಸ್ಪೇನಿನ ಗ್ರಾನಡಾದ ಸಂಶೋಧಕರು ಮೈಕ್ರೊಪಿಲಿನಾದಂಥ ಸಣ್ಣ ಜಾತಿಗಳ ಒಳಪದರ ಪರೀಕ್ಷಿಸಿದರು. ಅಲ್ಲಿ ಬಿಲ್ಲೆಗಳ ಬದಲು ಉದ್ದನೆಯ ಪಟ್ಟಿಯಂಥ ಅರಾಗೊನೈಟ್ ಹರಳುಗಳು ಹಾಳೆಗಳಾಗಿ ಬೆಳೆದಿದ್ದವು. ಮೇಲ್ನೋಟಕ್ಕೆ ಮುತ್ತಿನ ಪದರದ ಥರವೇ, ಬೆಳೆಯುವ ರೀತಿ ಬೇರೆ. ಹೊಳಪು ನೋಡಿ ರಚನೆ ಹೇಳಬಾರದು ಎಂಬುದಕ್ಕೆ ನಾನು ಇದನ್ನೇ ಉದಾಹರಣೆ ಕೊಡುತ್ತೇನೆ.

ಎಂಟು ಜೊತೆ ಸ್ನಾಯು ಸಾಲಾಗಿವೆ ಅಂದರೆ ಎರೆಹುಳದ ಸಂಬಂಧಿಯಾ?

ಲೆಮ್ಕೆ ಅವರಿಗೂ ಹೀಗೇ ಅನ್ನಿಸಿತ್ತು. ಮೃದ್ವಂಗಿಗಳ ಪೂರ್ವಜರ ಮೈ ಎರೆಹುಳದಂತೆ ಖಂಡ ಖಂಡವಾಗಿತ್ತು, ಇದು ಅದರ ಉಳಿಕೆ ಎಂದು ಹಲವರು ವಾದಿಸಿದರು. ಆದರೆ ಲೆಕ್ಕ ತಾಳೆಯಾಗುವುದಿಲ್ಲ. ಎರೆಹುಳದ ಖಂಡಗಳಲ್ಲಿ ಅಂಗಗಳು ಸಾಲು ಹಿಡಿದು ಒಟ್ಟಿಗೆ ಮರುಕಳಿಸುತ್ತವೆ. ಇಲ್ಲಿ ಸ್ನಾಯು ಎಂಟು ಜೊತೆ ಇದ್ದರೆ ಕಿವಿರುಗಳು ನಿಯೊಪಿಲಿನಾ ಗೆಲಾತಿಯೆಯಲ್ಲಿ ಐದು ಜೊತೆ, ಮೈಕ್ರೊಪಿಲಿನಾದಲ್ಲಿ ಮೂರೇ. ಖಂಡಗಳನ್ನು ಬೇರೆ ಮಾಡುವ ಗೋಡೆಗಳೂ ಇಲ್ಲ. ಈಗಿನ ಹೆಚ್ಚಿನ ತಜ್ಞರು ಇದನ್ನು ಬರೀ ಅಂಗಗಳ ಮರುಕಳಿಕೆ ಎನ್ನುತ್ತಾರೆ, ಎರೆಹುಳದ ನಂಟು ಎನ್ನುವುದಿಲ್ಲ.

ಹಾಗಾದರೆ ಯಾರ ಹತ್ತಿರದ ಬಂಧು? ವಂಶವಾಹಿಗಳನ್ನು ಹೋಲಿಸಿದ 2011ರ ಅಧ್ಯಯನ ಇದನ್ನು ಆಕ್ಟೋಪಸ್, ಸ್ಕ್ವಿಡ್‌ಗಳ ಪಕ್ಕ ಕೂರಿಸಿತು. ಅಂಟಾರ್ಕ್ಟಿಕಾದ ಲೇವಿಪಿಲಿನಾದಿಂದ ಇನ್ನಷ್ಟು ಮಾಹಿತಿ ತೆಗೆದ 2020ರ ಅಧ್ಯಯನ ಅದನ್ನು ಒಪ್ಪಲಿಲ್ಲ. ಬಸವನಹುಳು, ಕಪ್ಪೆಚಿಪ್ಪು, ಆಕ್ಟೋಪಸ್ ಎಲ್ಲ ಇರುವ ಕೊಂಬೆಯಿಂದ ಮೊದಲೇ ಕವಲೊಡೆದ ಗುಂಪು ಇದು ಎಂದಿತು. ಪರೀಕ್ಷೆಗೆ ಬರೆಯುವವರು ಎರಡನ್ನೂ ಬರೆಯಿರಿ, ವರ್ಷ ಹಾಕಿ.

ನನ್ನ ಮಗಳಿಗೆ ಇದರ ಹುಚ್ಚು ಹಿಡಿದಿದೆ. ಮುಂದೆ ಎಲ್ಲಿ ಓದಿಸಬೇಕ್ರಿ?

ಖುಷಿಯ ಸಂಗತಿ. ಪಿಯುಸಿಯಲ್ಲಿ ಜೀವಶಾಸ್ತ್ರದ ಜೊತೆ ರಸಾಯನಶಾಸ್ತ್ರ ಗಟ್ಟಿ ಮಾಡಿಸಿ. ಚಿಪ್ಪಿನ ಅರ್ಧ ಕತೆ ಅಲ್ಲಿದೆ. ಬಿ.ಎಸ್ಸಿ. ಇಲ್ಲೇ ಮಾಡಬಹುದು. ಆಮೇಲೆ ಕಡಲ ಜೀವಶಾಸ್ತ್ರಕ್ಕೆ ಕರ್ನಾಟಕ ವಿಶ್ವವಿದ್ಯಾಲಯದ ಕಾರವಾರದ ವಿಭಾಗ ಇದೆ, ನಮ್ಮ ರಾಜ್ಯದಲ್ಲೇ. ಹೊರಗೆ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ. ಸಂಶೋಧನೆಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಅಷ್ಟು ದಿನ ಕಾಯುವುದು ಬೇಡ, ಈ ಬೇಸಿಗೆಗೇ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ ಕೊಡಿಸಿ, ಒಂದು ನೋಟ್‌ಬುಕ್ ಕೊಡಿ. ಭೀಮಾ ದಂಡೆಯಲ್ಲಿ ಸಿಕ್ಕ ಚಿಪ್ಪಿನ ಉದ್ದ, ಅಗಲ, ಎತ್ತರ, ಸ್ನಾಯುವಿನ ಕಲೆ ಎಲ್ಲಿದೆ, ಸಿಪ್ಪೆ ಎಷ್ಟು ಉಳಿದಿದೆ, ಸಿಕ್ಕ ದಿನ ಮತ್ತು ಜಾಗ ಇವಿಷ್ಟನ್ನು ಬರೆದಿಡಲಿ. ಪೆನ್ಸಿಲ್‌ನಲ್ಲಿ ಬರೆಯಲು ಹೇಳಿ, ಒದ್ದೆಯಾದರೂ ಅಳಿಸುವುದಿಲ್ಲ.